ಮುರುಗಲು ತುಪ್ಪ

ಮೇ ಕೊನೆ, ಶಿರಸಿ ಸೀಮೆಯ ಸೊಪ್ಪಿನ ಬೆಟ್ಟ. ಮುರುಗಲು ಮರದ ಕೊಂಬೆಗಳು ನೆಲದತ್ತ ಜೋತಿವೆ. ಚಿಗುರು ಕೆಂಪು, ಬಲಿತ ಎಲೆ ಕಡುಹಸಿರು, ಹಣ್ಣು ಕಪ್ಪಿಗೆ ತಿರುಗಿದ ಕೆಂಪು. ಪಕ್ಕದಲ್ಲೇ ಅಷ್ಟೇ ಎತ್ತರದ ಇನ್ನೊಂದು ಮರದಲ್ಲಿ ಒಂದೂ ಕಾಯಿಲ್ಲ. ಅದು ಗಂಡು. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ತಿಳಿಯಲು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು.

ಬುಡದಲ್ಲಿ ಕಚ್ಚಿ ಬಿಸಾಡಿದ ಸಿಪ್ಪೆ, ಬಿಳಿ ತಿರುಳು ಅಂಟಿದ ಬೀಜ. ಬೀಜದ ಬೇಳೆಯನ್ನು ಉಗುರಲ್ಲಿ ಗೀರಿದರೆ ಬೆರಳಿಗೆ ಜಿಡ್ಡು. ಬಿಸಿಲು ಅಷ್ಟಾಗಿ ಬೀಳದ ನೆಲದಲ್ಲಿ ಮೊಳೆಯುವ ಸಸಿಗೆ ಮರ ಕಟ್ಟಿಕೊಟ್ಟ ಬುತ್ತಿ ಅದು.

ಊರಲ್ಲಿ ಮಳೆ ಹಿಡಿಯುವ ಮೊದಲು ಹಣ್ಣು ಬಿಡಿಸುವ ಗಡಿಬಿಡಿ. ಸಿಪ್ಪೆ ಒಣಗಿ ಅಡುಗೆಯ ಹುಳಿಯಾಗುತ್ತದೆ. ಬೀಜವನ್ನು ಒಣಗಿಸಿಟ್ಟು, ಪುರುಸೊತ್ತಾದಾಗ ಕುಟ್ಟಿ ನೀರಲ್ಲಿ ಕುದಿಸುತ್ತಾರೆ. ಜಿಡ್ಡು ಮೇಲೇಳುತ್ತದೆ, ತಣಿದರೆ ಗಟ್ಟಿ. ಉಂಡೆ ಕಟ್ಟಿಟ್ಟ ಈ ತುಪ್ಪ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ, ಬಾಯಿಹುಣ್ಣಿಗೂ ಆಗುತ್ತದೆ.

ಕೆಳತುಟಿಯ ಒಳಗೆ ಹುಣ್ಣಾದಾಗ ಹಚ್ಚಿ ನೋಡಿದ್ದೇನೆ. ಮೊದಲು ತೆಂಗಿನೆಣ್ಣೆ. ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವಂಥದ್ದು. ಬಾಯಿಗೆ ಬಿದ್ದೊಡನೆ ಜೊಲ್ಲಿನ ಜೊತೆ ಜಾರಿಹೋಯಿತು. ಮುರುಗಲು ತುಪ್ಪ ಕರಗಲು 40 ಡಿಗ್ರಿಯ ಹತ್ತಿರದ ಶಾಖ ಬೇಕು. ಬಾಯಿಯೊಳಗಿನದು ಸುಮಾರು 37. ಹಾಗಾಗಿ ತುಪ್ಪ ಪೂರ್ತಿ ಕರಗದೆ ಮೆತ್ತಗಾಗಿ ಕೂತಿತು. ಹುಣ್ಣಿನ ಸುತ್ತ ಬಟ್ಟೆಯಲ್ಲಿ ಒರೆಸಿ ಹಚ್ಚಿದರೆ ಇನ್ನಷ್ಟು ಹೊತ್ತು ನಿಂತಿತು. ಅಷ್ಟು ಹೊತ್ತು ಹಲ್ಲು ತಾಗಿದರೂ ಉರಿ ಕಡಿಮೆ.

ಲವಂಗದೆಣ್ಣೆಯ ರೀತಿ ಬೇರೆ. ಅದರ ಯೂಜಿನಾಲ್ ಜಾಗವನ್ನೇ ಜೋಮು ಹಿಡಿಸುತ್ತದೆ. ಬೆರೆಸದೆ ಹಚ್ಚಿದರೆ ಬಾಯಿಯ ಮೆದು ಚರ್ಮವನ್ನು ಸುಡುತ್ತದೆ. ಮುರುಗಲು ತುಪ್ಪದಲ್ಲಿ ಅಂಥ ಘಾಟಿಲ್ಲ. ಅದರ ಬಹುಪಾಲು ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳ ಕೊಬ್ಬು.

ಆದರೆ ಹುಣ್ಣು ಮಾಯಿಸಿದ್ದು ತುಪ್ಪ ಎನ್ನಲಾರೆ. ಸಣ್ಣ ಬಾಯಿಹುಣ್ಣು ಏನೂ ಹಚ್ಚದಿದ್ದರೂ ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಉಪ್ಪು, ಖಾರ, ಹಲ್ಲಿನ ತಿಕ್ಕಾಟ ತಾಗದಂತೆ ಕೆಲಹೊತ್ತು ಮುಚ್ಚಿಡುವುದಷ್ಟೇ ತುಪ್ಪದ ಕೆಲಸ. ಮುಚ್ಚಿಡುವ ಗುಣಕ್ಕೆ ಅಪಾಯವೂ ಇದೆ. ಮೂರು ವಾರ ಕಳೆದರೂ ಮಾಯದ ಹುಣ್ಣಿಗೆ ಹಚ್ಚುತ್ತ ಕೂರಬಾರದು. ಅಡಿಕೆ, ತಂಬಾಕಿನ ಕವಳ ಹಾಕುವವರಂತೂ ಅದನ್ನು ವೈದ್ಯರಿಗೇ ತೋರಿಸಬೇಕು.