ಪಾಲು ಮತ್ತು ಪೇಟೆ

ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಒಬ್ಬನ ಶಕ್ತಿಗೆ ಮೀರಿದ ಕಾರ್ಯವು ಹಲವರು ಕೈಗೂಡಿಸಿದಾಗ ನೆರವೇರುತ್ತದೆ. ಹಣದ ವಿಷಯದಲ್ಲಿಯೂ ಈ ಮಾತು ಸತ್ಯವಾದುದು. ಒಂದು ಬ್ಯಾಂಕನ್ನೋ ದೊಡ್ಡ ಕಾರ್ಖಾನೆಯನ್ನೋ ಕಟ್ಟಲು ಬೇಕಾಗುವ ಬಂಡವಾಳವನ್ನು ಒಬ್ಬನೇ ತೊಡಗಿಸುವುದು ಕಷ್ಟ. ಆದುದರಿಂದ ಆ ಬಂಡವಾಳವನ್ನು ಸಮನಾದ ಅನೇಕ ಪಾಲುಗಳಾಗಿ ವಿಂಗಡಿಸಿ, ಕೊಳ್ಳಬಯಸುವವರಿಗೆ ಮಾರುವ ಪದ್ಧತಿ ಬೆಳೆದುಬಂದಿದೆ. ಹೀಗೆ ವಿಂಗಡಿಸಿದ ಒಂದೊಂದು ಪಾಲಿಗೆ ಷೇರು ಎಂದು ಹೆಸರು. ಅದನ್ನು ಕೊಂಡವನು ಷೇರುದಾರ. ಷೇರುಗಳ ಕ್ರಯವಿಕ್ರಯ ನಡೆಯುವ ವ್ಯವಸ್ಥೆಯೇ ಷೇರುಪೇಟೆ.

ವೃತ್ತಪತ್ರಿಕೆಗಳಲ್ಲಿ ಷೇರುಪೇಟೆಯ ಏರಿಳಿತಗಳ ಸುದ್ದಿಯನ್ನು ನೀವು ಕಂಡಿರಬಹುದು. ಒಂದು ದಿನ ಕೋಟ್ಯಂತರ ರೂಪಾಯಿ ಲಾಭವಾಯಿತೆಂದೂ ಮರುದಿನ ಅಷ್ಟೇ ನಷ್ಟವಾಯಿತೆಂದೂ ಅಲ್ಲಿ ಬರೆದಿರುತ್ತದೆ. ಇದನ್ನು ಓದಿದವರ ಮನಸ್ಸಿನಲ್ಲಿ ಹಲವು ಸಂದೇಹಗಳು ಮೂಡುವುದು ಸಹಜ. ಷೇರು ಕೊಂಡವನಿಗೆ ದೊರೆಯುವುದೇನು? ಅದರ ಬೆಲೆಯನ್ನು ಗೊತ್ತುಮಾಡುವವರು ಯಾರು? ಇದು ಜೂಜಲ್ಲವೆ? ಇಂತಹ ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರಿಸೋಣ.

ಪಾಲಿನ ಕಲ್ಪನೆ ನಮ್ಮ ಕರಾವಳಿಗೆ ಹೊಸದೇನಲ್ಲ. ಹಿಂದೆ ಇಲ್ಲಿನ ಮೀನುಗಾರರು ರಾಂಪಣಿ ಎಂಬ ಬಹು ಉದ್ದವಾದ ಬಲೆಯನ್ನು ಬಳಸುತ್ತಿದ್ದರು. ಅದನ್ನು ಕಡಲಿಗಿಳಿಸಿ ದಡಕ್ಕೆ ಎಳೆಯಲು ಹತ್ತಾರು ಮಂದಿ ಬೇಕಾಗುತ್ತಿತ್ತು. ಹಲವು ಕುಟುಂಬಗಳು ಕೂಡಿ ಬಲೆಯ ಒಡೆತನವನ್ನು ಹೊಂದಿ, ಬಂದ ಮೀನನ್ನು ಪಾಲಾಗಿ ಹಂಚಿಕೊಳ್ಳುತ್ತಿದ್ದವು. ಬಲೆ ತುಂಬಿದ ದಿನ ಎಲ್ಲರ ಮನೆಯಲ್ಲಿಯೂ ಸಂತೋಷ. ಬರಿದಾಗಿ ಬಂದ ದಿನ ಎಲ್ಲರಿಗೂ ನಷ್ಟ. ಷೇರಿನ ಮೂಲತತ್ತ್ವವೂ ಇದೇ. ಷೇರುದಾರನು ಉದ್ಯಮಕ್ಕೆ ಸಾಲ ಕೊಟ್ಟವನಲ್ಲ. ಅದರ ಒಡೆತನದಲ್ಲಿ ಒಂದಂಶವನ್ನು ಪಡೆದವನು.

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯು ಬ್ಯಾಂಕುಗಳ ತವರೆಂದು ಪ್ರಸಿದ್ಧವಾದುದು ಈ ತತ್ತ್ವದ ಬಲದಿಂದಲೇ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಆರಂಭವಾದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. ಅದರ ಮೊದಲ ಬಂಡವಾಳ ಕೇವಲ 5,000 ರೂಪಾಯಿ. ಅದೇ ವರ್ಷ ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಗಿ ಬೆಳೆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದೊಡನೆ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ. ಬಿ. ಶೆಟ್ಟಿಯವರ ನೇತೃತ್ವದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿಕೊಂಡವು. ಅಲ್ಪ ಮೊತ್ತಗಳು ಒಂದುಗೂಡಿ ದೇಶವ್ಯಾಪಿ ಸಂಸ್ಥೆಗಳಾದ ಬಗೆ ಇದು.

ಇಲ್ಲಿ ಷೇರಿಗೂ ಠೇವಣಿಗೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯವನ್ನೂ ಸಂಗ್ರಹಿಸಿ ತರುತ್ತಿದ್ದನು. ಆ ಹಣವಿಟ್ಟವನು ಬ್ಯಾಂಕಿಗೆ ಸಾಲಕೊಟ್ಟಂತೆ. ಬ್ಯಾಂಕಿಗೆ ಲಾಭ ಬರಲಿ ಬಿಡಲಿ, ಗೊತ್ತುಪಡಿಸಿದ ಬಡ್ಡಿಯೊಡನೆ ಅಸಲನ್ನು ಮರಳಿಸುವುದು ಅದರ ಹೊಣೆ. ಬ್ಯಾಂಕು ಮುಳುಗಿದರೂ 5 ಲಕ್ಷ ರೂಪಾಯಿಯವರೆಗಿನ ಠೇವಣಿಗೆ ಇಂದು ವಿಮೆಯ ರಕ್ಷಣೆಯುಂಟು. ಷೇರಿಗೆ ಇಂತಹ ಯಾವ ರಕ್ಷಣೆಯೂ ಇಲ್ಲ. ಷೇರುದಾರನು ಕಂಪೆನಿಯಿಂದ ಹಣವನ್ನು ಹಿಂದಕ್ಕೆ ಕೇಳಲಾರನು. ಬೇಡವೆನಿಸಿದಾಗ ತನ್ನ ಪಾಲನ್ನು ಇನ್ನೊಬ್ಬನಿಗೆ ಮಾರಬೇಕು.

ಹಾಗಾದರೆ ಷೇರುದಾರನಿಗೆ ದೊರೆಯುವುದೇನು? ಕಂಪೆನಿಗೆ ಲಾಭ ಬಂದಾಗ ಅದರ ಒಂದು ಭಾಗವನ್ನು ಷೇರುದಾರರಿಗೆ ಹಂಚುವುದುಂಟು. ಇದಕ್ಕೆ ಲಾಭಾಂಶವೆಂದು ಹೆಸರು. ಉಳಿದ ಭಾಗವನ್ನು ಉದ್ಯಮದ ಬೆಳವಣಿಗೆಗೆ ತೊಡಗಿಸುತ್ತಾರೆ. ಉದ್ಯಮ ಬೆಳೆದಂತೆ ಪಾಲಿನ ಮೌಲ್ಯವೂ ಬೆಳೆಯುತ್ತದೆ. ವಾರ್ಷಿಕ ಮಹಾಸಭೆಯಲ್ಲಿ ಭಾಗವಹಿಸಿ ಮತ ನೀಡುವ ಹಕ್ಕೂ ಅವನಿಗಿದೆ. ಕಂಪೆನಿ ದಿವಾಳಿಯಾದರೆ ಮೊದಲು ಸಾಲಗಾರರ ಬಾಕಿ ತೀರಬೇಕು. ಏನಾದರೂ ಮಿಕ್ಕಿದರೆ ಷೇರುದಾರನಿಗೆ. ಆದರೂ ಅವನಿಗೊಂದು ಸಮಾಧಾನವಿದೆ. ಷೇರಿನ ಪೂರ್ಣ ಹಣವನ್ನು ತೆತ್ತವನಿಗೆ ಹೆಚ್ಚೆಂದರೆ ಆ ಹಣ ಹೋದೀತು; ಕಂಪೆನಿಯ ಸಾಲಕ್ಕಾಗಿ ಅವನ ಮನೆಮಠಗಳನ್ನು ಯಾರೂ ಜಪ್ತಿ ಮಾಡುವಂತಿಲ್ಲ. ಇದನ್ನು ಪರಿಮಿತ ಹೊಣೆ ಎನ್ನುತ್ತಾರೆ.

ಷೇರಿನ ಬೆಲೆಯನ್ನು ಯಾರು ಗೊತ್ತುಮಾಡುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಮಂಗಳೂರಿನ ದಕ್ಕೆಯಲ್ಲಿ ಮುಂಜಾನೆ ನಡೆಯುವ ಮೀನಿನ ಹರಾಜನ್ನು ನೆನೆದುಕೊಳ್ಳಿ. ದೋಣಿಗಳು ಬಂಗುಡೆಯನ್ನು ಹೇರಳವಾಗಿ ತಂದ ದಿನ ಬೆಲೆ ಕುಸಿಯುತ್ತದೆ. ಮೀನು ವಿರಳವಾಗಿ ಕೊಳ್ಳುವವರು ಹೆಚ್ಚಾದ ದಿನ ಏರುತ್ತದೆ. ಷೇರುಪೇಟೆಯಲ್ಲಿಯೂ ಕೊಳ್ಳುವವರು ಕೇಳುವ ಬೆಲೆಯೂ ಮಾರುವವರು ಹೇಳುವ ಬೆಲೆಯೂ ಕೂಡಿದಲ್ಲಿ ವ್ಯಾಪಾರ ಕುದುರುತ್ತದೆ. ಆದರೆ ಒಂದು ಭೇದವುಂಟು. ಮೀನು ಅಂದಿನ ಊಟಕ್ಕೆ. ಷೇರಾದರೋ ಮುಂದಿನ ವರ್ಷಗಳ ಗಳಿಕೆಗೆ. ಆದುದರಿಂದ ಕಂಪೆನಿಯ ಭವಿಷ್ಯದ ಬಗೆಗೆ ಜನರ ಎಣಿಕೆ ಬದಲಾದಂತೆ ಬೆಲೆಯೂ ಬದಲಾಗುತ್ತದೆ. ಸುರತ್ಕಲ್ಲಿಗೆ ಸಮೀಪದ ಕುತ್ತೆತ್ತೂರಿನಲ್ಲಿರುವ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರವನ್ನೇ ನೋಡಿ. ಕಚ್ಚಾತೈಲದ ಬೆಲೆಗೂ ಅದರಿಂದ ತಯಾರಾಗುವ ಪೆಟ್ರೋಲು, ಡೀಸೆಲುಗಳ ಬೆಲೆಗೂ ಇರುವ ಅಂತರದಲ್ಲಿ ಅದರ ಲಾಭ ಅಡಗಿದೆ. ಆ ಅಂತರವು ಹಿಗ್ಗುವ, ಕುಗ್ಗುವ ಸೂಚನೆ ದೂರದೇಶದಿಂದ ಬಂದರೂ ಅದರ ಷೇರಿನ ಬೆಲೆ ಅಲುಗಾಡುತ್ತದೆ.

ಹತ್ತು ರೂಪಾಯಿಯ ಷೇರು ಅಗ್ಗವೆಂದೂ ಸಾವಿರ ರೂಪಾಯಿಯದು ದುಬಾರಿಯೆಂದೂ ಹೊಸಬರು ಭಾವಿಸುವುದುಂಟು. ಇದು ಸರಿಯಲ್ಲ. ಒಂದು ಹಲಸಿನ ಹಣ್ಣನ್ನು ಎಷ್ಟು ಹೋಳು ಮಾಡಿದರೂ ಹಣ್ಣು ಅಷ್ಟೇ. 2024ರಲ್ಲಿ ಕೆನರಾ ಬ್ಯಾಂಕು 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿ ಮುಖಬೆಲೆಯ ಐದು ಷೇರುಗಳಾಗಿ ಒಡೆಯಿತು. ಪೇಟೆಬೆಲೆಯೂ ಅದಕ್ಕೆ ತಕ್ಕಂತೆ ಐದರಲ್ಲೊಂದರಷ್ಟಕ್ಕೆ ಇಳಿಯಿತು. ಷೇರುದಾರನ ಕೈಯಲ್ಲಿ ಪಾಲುಗಳ ಸಂಖ್ಯೆ ಹೆಚ್ಚಿತೇ ಹೊರತು ಸಂಪತ್ತು ಹೆಚ್ಚಲಿಲ್ಲ. ಮುಖಬೆಲೆಯು ಕಂಪೆನಿಯ ಲೆಕ್ಕಪತ್ರಗಳಲ್ಲಿ ಕಾಣಿಸುವ ಬೆಲೆ. ಪೇಟೆಬೆಲೆಯು ಕೊಳ್ಳುವವನು ತೆರುವ ಬೆಲೆ. ಇವೆರಡಕ್ಕಿಂತಲೂ ಮುಖ್ಯವಾದುದು ಆ ಬೆಲೆಗೆ ತಕ್ಕ ಗಳಿಕೆ ಕಂಪೆನಿಗೆ ಇದೆಯೆ ಎಂಬ ವಿಚಾರ.

ಕಂಪೆನಿಯೇ ಮತ್ತೊಂದರಲ್ಲಿ ಲೀನವಾದರೆ ಷೇರುದಾರನ ಗತಿಯೇನು? ಇದಕ್ಕೆ ಉತ್ತರವನ್ನು ನಮ್ಮ ಜಿಲ್ಲೆಯ ಬ್ಯಾಂಕುಗಳೇ ಒದಗಿಸಿವೆ. ಮೇಲೆ ಹೇಳಿದ ಐದು ಬ್ಯಾಂಕುಗಳ ಪೈಕಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿಯೂ, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು 1980ರಲ್ಲಿಯೂ ರಾಷ್ಟ್ರೀಕರಣಗೊಂಡವು. ಅನಂತರದ ವರ್ಷಗಳಲ್ಲಿ ಇವುಗಳ ಷೇರುಗಳ ಒಂದಂಶವನ್ನು ಮತ್ತೆ ಸಾರ್ವಜನಿಕರಿಗೆ ನೀಡಲಾಯಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಆಗ ವಿಜಯಾ ಬ್ಯಾಂಕಿನ 1,000 ಷೇರುಗಳಿಗೆ ಬ್ಯಾಂಕ್ ಆಫ್ ಬರೋಡದ 402 ಷೇರುಗಳು ದೊರೆತವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕಿನ 1,000 ಷೇರುಗಳಿಗೆ ಕೆನರಾ ಬ್ಯಾಂಕಿನ 158, ಕಾರ್ಪೊರೇಷನ್ ಬ್ಯಾಂಕಿನ 1,000 ಷೇರುಗಳಿಗೆ ಯೂನಿಯನ್ ಬ್ಯಾಂಕಿನ 330 ಷೇರುಗಳು ಬಂದವು. ಷೇರುಗಳ ಎಣಿಕೆ ಇಳಿದ ಮಾತ್ರಕ್ಕೆ ಅಷ್ಟೂ ನಷ್ಟವೆಂದು ತಿಳಿಯಬಾರದು. ಒಂದೊಂದು ಬ್ಯಾಂಕಿನ ಷೇರಿನ ಮೌಲ್ಯ ಒಂದೊಂದು ಬಗೆಯದು. ಆದರೆ ಅದೇ ಬ್ಯಾಂಕುಗಳಲ್ಲಿ ಸಾವಿರ ರೂಪಾಯಿ ಠೇವಣಿ ಇಟ್ಟವನ ಹಣ ಹೊಸ ಬ್ಯಾಂಕಿನಲ್ಲಿಯೂ ಸಾವಿರ ರೂಪಾಯಿಯಾಗಿಯೇ ಉಳಿಯಿತು. ಸಾಲಕೊಟ್ಟವನಿಗೂ ಪಾಲುಗೊಂಡವನಿಗೂ ಇರುವ ಭೇದ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಐದರಲ್ಲಿ ಕರ್ಣಾಟಕ ಬ್ಯಾಂಕೊಂದು ಮಾತ್ರ ರಾಷ್ಟ್ರೀಕರಣವಿಲ್ಲದೆ ಉಳಿದು, ಇಂದಿಗೂ ಮಂಗಳೂರನ್ನೇ ಕೇಂದ್ರವಾಗಿರಿಸಿಕೊಂಡಿದೆ.

ಷೇರನ್ನು ಎಲ್ಲಿ ಕೊಳ್ಳಬೇಕು? ಮುಂಬಯಿಯಲ್ಲಿ 1875ರಲ್ಲಿ ದಲ್ಲಾಳಿಗಳು ಕೂಡಿ ಸಂಘವನ್ನು ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರುಪೇಟೆ. 1980ರ ದಶಕದಲ್ಲಿ ಮಂಗಳೂರಿಗೂ ತನ್ನದೇ ಆದ ಷೇರುಪೇಟೆ ಬಂದಿತು. ಆಗ ಷೇರುಗಳೆಂದರೆ ಮುದ್ರಿತ ಕಾಗದಪತ್ರಗಳು. ಅವು ಅಂಚೆಯಲ್ಲಿ ಕಳೆಯುವುದು, ಸಹಿ ಹೊಂದದೆ ಮರಳುವುದು, ನಕಲಿಯಾಗುವುದು ಸಾಮಾನ್ಯವಾಗಿತ್ತು. 1994ರಲ್ಲಿ ರಾಷ್ಟ್ರೀಯ ಷೇರುಪೇಟೆಯು ಗಣಕಯಂತ್ರದ ಮೂಲಕ ವ್ಯವಹಾರ ಆರಂಭಿಸಿತು. 1996ರ ಕಾಯಿದೆಯಿಂದ ಕಾಗದವಿಲ್ಲದೆ ಷೇರುಗಳನ್ನು ಖಾತೆಯಲ್ಲಿ ಇರಿಸುವ ಡಿಮ್ಯಾಟ್ ಪದ್ಧತಿ ಬಂದಿತು. ಮಂಗಳೂರಿನಲ್ಲಿ ಕುಳಿತವನೂ ಮುಂಬಯಿಯ ಪೇಟೆಯಲ್ಲಿ ಕ್ಷಣಾರ್ಧದಲ್ಲಿ ವ್ಯವಹರಿಸಬಲ್ಲವನಾದ ಮೇಲೆ ಸಣ್ಣ ಪೇಟೆಗಳಿಗೆ ಕೆಲಸ ಉಳಿಯಲಿಲ್ಲ. 2004ರಲ್ಲಿ ಮಂಗಳೂರು ಪೇಟೆಯ ಮಾನ್ಯತೆಯನ್ನು ನವೀಕರಿಸಲು ಸೆಬಿ ನಿರಾಕರಿಸಿತು; ಬೆಂಗಳೂರಿನ ಪೇಟೆಯೂ 2014ರಲ್ಲಿ ಮುಚ್ಚಿತು. ಸೆಬಿ ಎಂದರೆ ಷೇರುಪೇಟೆಗಳ ಮೇಲ್ವಿಚಾರಣೆಗಾಗಿ 1988ರಲ್ಲಿ ಸ್ಥಾಪಿತವಾಗಿ 1992ರಲ್ಲಿ ಕಾನೂನಿನ ಅಧಿಕಾರ ಪಡೆದ ಮಂಡಳಿ. ಅದರಲ್ಲಿ ನೋಂದಾಯಿತರಾದ ದಲ್ಲಾಳಿಗಳ ಮೂಲಕವೇ ವ್ಯವಹರಿಸಬೇಕು. ಹದಿನೆಂಟು ವರ್ಷ ತುಂಬದವರ ಖಾತೆಯನ್ನು ಪೋಷಕರು ನಡೆಸುತ್ತಾರೆ.

ಇದೆಲ್ಲ ಜೂಜಲ್ಲವೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಕಂಪೆನಿಯ ಕೆಲಸ, ಲಾಭ, ಸಾಲಗಳನ್ನು ಅರಿತು, ಅದರ ಬೆಳವಣಿಗೆಯಲ್ಲಿ ಪಾಲುಗೊಳ್ಳುವ ಉದ್ದೇಶದಿಂದ ಷೇರು ಕೊಂಡು ವರ್ಷಗಟ್ಟಲೆ ಕಾಯುವವನು ಹೂಡಿಕೆದಾರ. ಕಂಪೆನಿ ಏನು ಮಾಡುತ್ತದೆಂಬುದನ್ನೂ ತಿಳಿಯದೆ, ನಾಳೆ ಬೆಲೆ ಏರೀತೆಂಬ ಆಸೆಯಿಂದ ಇಂದು ಕೊಳ್ಳುವವನು ಜೂಜುಗಾರನಿಗೆ ಸಮೀಪನಾದವನು. ಕೊಳ್ಳುವ ವಸ್ತು ಒಂದೇ; ಕೊಳ್ಳುವ ರೀತಿಯಲ್ಲಿ ವ್ಯತ್ಯಾಸ. ಮುಂದಿನ ಬೆಲೆಯ ಮೇಲೆ ಕರಾರು ಮಾಡಿಕೊಳ್ಳುವ ವಾಯಿದೆ ವ್ಯಾಪಾರದಲ್ಲಿ ತೊಡಗಿದ ಸಾಮಾನ್ಯ ಜನರ ಲೆಕ್ಕಗಳನ್ನು ಸೆಬಿ ಪರಿಶೀಲಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದರು.

ಯಾವ ಹಣವನ್ನು ತೊಡಗಿಸಬೇಕೆಂಬುದು ಕೊನೆಯ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದುದೂ ಅದೇ. ಮೂವತ್ತು ದೊಡ್ಡ ಕಂಪೆನಿಗಳ ಬೆಲೆಯನ್ನು ಒಟ್ಟಾಗಿ ಅಳೆಯುವ ಸೆನ್ಸೆಕ್ಸ್ ಸೂಚ್ಯಂಕವು 2008ರ ಜನವರಿಯಲ್ಲಿ 21,000ವನ್ನು ಮುಟ್ಟಿತ್ತು. ಅದೇ ಅಕ್ಟೋಬರಿನಲ್ಲಿ ಒಮ್ಮೆ 8,000ಕ್ಕಿಂತ ಕೆಳಗೆ ಬಿದ್ದಿತು. ಮತ್ತೆ 21,000ವನ್ನು ಕಂಡದ್ದು 2010ರ ದೀಪಾವಳಿಯ ವೇಳೆಗೆ. ಬಿಡುವಿದ್ದ ಹಣವನ್ನು ತೊಡಗಿಸಿ ಕಾದವರಿಗೆ ಹೆಚ್ಚಿನ ಹಾನಿಯಾಗಲಿಲ್ಲ. ಮಗಳ ಕಾಲೇಜು ಶುಲ್ಕವನ್ನೋ ಆಸ್ಪತ್ರೆಯ ಖರ್ಚಿಗೆಂದು ಇರಿಸಿದ ಹಣವನ್ನೋ ತೊಡಗಿಸಿ, ಆ ಅಕ್ಟೋಬರಿನಲ್ಲಿ ಮಾರಲೇಬೇಕಾದವರಿಗೆ ನೂರು ರೂಪಾಯಿಗೆ ನಲವತ್ತರಷ್ಟು ಮಾತ್ರ ಕೈಸೇರುವಂತಿತ್ತು. ಇಬ್ಬರೂ ಕೊಂಡ ಷೇರು ಒಂದೇ ಆಗಿದ್ದರೂ ಫಲ ಬೇರೆ. ಆದುದರಿಂದ ನಿತ್ಯದ ವೆಚ್ಚಕ್ಕೂ ಆಪತ್ತಿಗೂ ಬೇಕಾದ ಹಣವನ್ನು ಮೊದಲು ಭದ್ರವಾಗಿ ಇರಿಸಿಕೊಂಡು, ಹಲವು ವರ್ಷ ಬೇಡವೆನ್ನಬಹುದಾದ ಉಳಿತಾಯವನ್ನು ಮಾತ್ರ, ಅದೂ ಬೇರೆ ಬೇರೆ ಕಂಪೆನಿಗಳಲ್ಲಿ ಹಂಚಿ ತೊಡಗಿಸುವುದು ವಿವೇಕ. ಸಾಲ ತಂದು ಷೇರು ಕೊಳ್ಳುವುದಂತೂ ಸಲ್ಲದು. ಷೇರಿನಲ್ಲಿ ನಿಶ್ಚಿತ ಲಾಭವನ್ನು ಕೊಡಿಸುವೆನೆಂದು ಮಾತುಕೊಡುವವನನ್ನು ನಂಬಬಾರದು. ಕಡಲಿಗಿಳಿಯುವ ಮೊದಲೇ ಮೀನಿನ ಲೆಕ್ಕ ಹೇಳಬಲ್ಲವರು ಯಾರೂ ಇಲ್ಲ.

ಪಾಲು ಮೊದಲು, ಪೇಟೆ ಆಮೇಲೆ ಎಂಬುದನ್ನು ಮರೆಯಬಾರದು. ಷೇರು ಕೊಂಡವನು ಯಾವುದೋ ಕಾರ್ಖಾನೆಯ ದುಡಿಮೆಯಲ್ಲಿ, ಯಾವುದೋ ಬ್ಯಾಂಕಿನ ವಿಶ್ವಾಸದಲ್ಲಿ ಪಾಲುಗಾರನಾಗುತ್ತಾನೆ. ಬೆಲೆಯ ಫಲಕದ ಮೇಲಿನ ಅಂಕಿಗಳು ದಿನವೂ ಕುಣಿಯುತ್ತವೆ; ಅವುಗಳ ಹಿಂದಿರುವ ದುಡಿಮೆಯನ್ನು ಕಾಣಬಲ್ಲವನು ಏರಿಕೆಯಲ್ಲಿ ಉಬ್ಬುವುದಿಲ್ಲ, ಇಳಿತದಲ್ಲಿ ಕುಗ್ಗುವುದಿಲ್ಲ.

ಅಭ್ಯಾಸ

1. ಠೇವಣಿದಾರನಿಗೂ ಷೇರುದಾರನಿಗೂ ಇರುವ ವ್ಯತ್ಯಾಸಗಳನ್ನು ವಿವರಿಸಿರಿ.
2. ರಾಂಪಣಿ ಬಲೆಯ ಒಡೆತನಕ್ಕೂ ಷೇರಿಗೂ ಇರುವ ಹೋಲಿಕೆ ಯಾವುದು?
3. ಪರಿಮಿತ ಹೊಣೆ ಎಂದರೇನು?
4. ಒಂದು ಷೇರನ್ನು ಐದಾಗಿ ಒಡೆದರೆ ಷೇರುದಾರನ ಸಂಪತ್ತು ಹೆಚ್ಚುತ್ತದೆಯೆ? ಕಾರಣ ಕೊಡಿರಿ.
5. ಹೂಡಿಕೆದಾರನಿಗೂ ಜೂಜುಗಾರನಿಗೂ ಇರುವ ಅಂತರವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.