ಮೇಷ್ಟ್ರು ಕೆಳಗೆ, ವಿದ್ಯಾರ್ಥಿಗಳು ಮೇಲೆ

ಮೈಸೂರಿನ ಈ ಹಳೆಯ ಕಾಲೇಜನ್ನು ನೋಡಬೇಕೆಂದರೆ ಬೆಳಿಗ್ಗೆ ಮೊದಲ ಪೀರಿಯಡ್ ಶುರುವಾಗುವ ಹೊತ್ತಿಗೇ ಹೋಗಬೇಕು. ಗೇಟು ದಾಟಿದೊಡನೆ ದೊಡ್ಡ ಮರಗಳ ನೆರಳು, ಆ ನೆರಳಿಗೆ ಸಾಲಾಗಿ ನಿಲ್ಲಿಸಿದ ಬೈಕುಗಳು. ಅವುಗಳ ಹಿಂದೆ ತಿಳಿಹಳದಿ ಬಣ್ಣದ ಕಟ್ಟಡ. ಬಸ್ಸಿಳಿದು ಓಡೋಡಿ ಬಂದವರು, ಹಾಸ್ಟೆಲಿನಿಂದ ನಡೆದು ಬಂದವರು ಎಲ್ಲರೂ ಒಟ್ಟಿಗೇ ಒಳಗೆ ನುಗ್ಗುತ್ತಾರೆ. ನಾನೂ ಅವರ ಹಿಂದೆಯೇ ಹೋದೆ.

ಜಗಲಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನೋಟಿಸ್ ಬೋರ್ಡು. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ, ಸ್ಕಾಲರ್‌ಶಿಪ್ ಅರ್ಜಿ, ಚರ್ಚಾ ಸ್ಪರ್ಧೆಯ ವಿಷಯ. ಈ ಕಾಲೇಜು ಸೇರಿರುವ ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಶುರುವಾದಾಗ ಅದರ ಕೈಯಲ್ಲಿದ್ದದ್ದು ಎರಡೇ ಕಾಲೇಜು. ಬೆಂಗಳೂರಿನದು ವಿಜ್ಞಾನಕ್ಕೆ, ಇದು ಕಲಾ ವಿಷಯಗಳಿಗೆ. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು.

ಜಗಲಿಯಲ್ಲಿ ಮುಂದೆ ಸಾಗಿದರೆ ಜೂನಿಯರ್ ಬಿ.ಎ. ಹಾಲ್ ಸಿಗುತ್ತದೆ. ತರಗತಿಗಳನ್ನು ಜೂನಿಯರ್, ಸೀನಿಯರ್ ಎಂದು ಕರೆಯುತ್ತಿದ್ದ ಕಾಲದ ಹೆಸರು ಇವತ್ತಿಗೂ ಉಳಿದಿದೆ. ಒಳಗೆ ಕಾಲಿಟ್ಟೆ. ಮರದ ಬೆಂಚುಗಳು ಗ್ಯಾಲರಿಯಂತೆ ಒಂದರ ಮೇಲೊಂದು ಮೆಟ್ಟಿಲಾಗಿ ಏರುತ್ತವೆ. ತೇಗದ ಮರವಿರಬೇಕು, ಖಚಿತವಾಗಿ ಹೇಳಲಾರೆ. ಮೇಷ್ಟ್ರು ನಿಲ್ಲುವ ಜಾಗ ಎಲ್ಲಕ್ಕಿಂತ ತಗ್ಗಿನಲ್ಲಿದೆ.

ಹಿಂದಿನ ಸಾಲಿಗೆ ಹತ್ತಿ ಕುಳಿತೆ. ಮುಂದಿನ ಹಲಗೆಯ ಅಂಚು ಮೊಣಕೈ ಉಜ್ಜಿ ಉಜ್ಜಿ ನುಣುಪಾಗಿದೆ. ಅದರ ಮೇಲೆ ಕೈವಾರದ ಮುಳ್ಳಿನಲ್ಲಿ ಕೆತ್ತಿದ ಇನಿಷಿಯಲ್‌ಗಳು. ಕೆಲವು ವಾರ್ನಿಷಿನಡಿ ಮುಚ್ಚಿಹೋಗಿವೆ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತವೆ. ಇವು ಎಷ್ಟು ಹಳೆಯವೋ, ಯಾರವೋ ಗೊತ್ತಾಗುವಂತಿಲ್ಲ. ಆದರೆ ಇಲ್ಲಿಂದ ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು: ಈ ಹಾಲಿನಲ್ಲಿ ಪಾಠ ಮಾಡುವವರು ತಲೆಯೆತ್ತಿ ಮಾತಾಡಲೇಬೇಕು. ಯಾವ ಮೂಲೆಯಲ್ಲಿ ಯಾರು ಆಕಳಿಸಿದರೂ ಅವರಿಗೆ ಕಾಣುತ್ತದೆ.

ಹಾಗೆ ತಲೆಯೆತ್ತಿ ಮಾತಾಡಿ ಗೆದ್ದವರಿದ್ದಾರೆ. 1918ರಿಂದ ಇಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು, ಮುಂದೆ ದೇಶದ ರಾಷ್ಟ್ರಪತಿಯಾದ ಮೇಷ್ಟ್ರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆ ಬಿಚ್ಚಿ, ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು. 1929ರಲ್ಲಿ ಕನ್ನಡ ಎಂ.ಎ. ಮುಗಿಸಿದ ಮಲೆನಾಡಿನ ತರುಣ ಕವಿ ಇಲ್ಲೇ ಮೇಷ್ಟ್ರಾದರು, 1955ರಲ್ಲಿ ಪ್ರಿನ್ಸಿಪಾಲರಾದರು, ಮರುವರ್ಷ ಇಡೀ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಕುಕ್ಕರಹಳ್ಳಿ ಕೆರೆಯಾಚೆ ಸ್ನಾತಕೋತ್ತರ ಕ್ಯಾಂಪಸ್ ಎದ್ದುನಿಂತದ್ದು ಅವರ ಕನಸಿನಿಂದಲೇ.

ಗಂಟೆ ಬಾರಿಸಿತು. ಹೊರಗೆ ಬಂದು ಮೈದಾನದ ಕಡೆ ನಡೆದೆ. ಒಂದು ಬದಿಯಲ್ಲಿ ಕ್ರಿಕೆಟ್ ಅಭ್ಯಾಸ, ಇನ್ನೊಂದು ಬದಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಹಿಡಿದು ಪರಸ್ಪರ ಪ್ರಶ್ನೆ ಕೇಳಿಕೊಳ್ಳುತ್ತಿದ್ದ ಗುಂಪು. ಹಾಸ್ಟೆಲಿನ ಹುಡುಗರ ಮಾತಿನಲ್ಲಿ ಮಂಡ್ಯ, ಚಾಮರಾಜನಗರ, ಹಾಸನ ಎಲ್ಲವೂ ಕೇಳಿಸಿದವು.

ಅಲ್ಲಿಂದ ತುಸು ದೂರದಲ್ಲಿ, ಹಿಂದೆ ಐದು ದೀಪದ ಸರ್ಕಲ್ ಎನಿಸಿಕೊಂಡಿದ್ದ ವೃತ್ತಕ್ಕೆ ಬಂದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು 1947ರ ಸೆಪ್ಟೆಂಬರಿನಲ್ಲಿ ಚಳವಳಿ ನಡೆದಾಗ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಇಲ್ಲಿ ಬಾವುಟ ಹಾರಿಸಲು ಹೋದ ಹೈಸ್ಕೂಲು ಹುಡುಗನೊಬ್ಬ ಗುಂಡೇಟಿಗೆ ಬಲಿಯಾದ. ವೃತ್ತಕ್ಕೆ ಈಗ ಅವನದೇ ಹೆಸರು.

ಮೇಷ್ಟ್ರ ಗಾಡಿ ಎಳೆದವರೂ ಸರ್ಕಾರವನ್ನು ಪ್ರಶ್ನಿಸಿದವರೂ ಇದೇ ಊರಿನ ವಿದ್ಯಾರ್ಥಿಗಳು. ಒಪ್ಪಿದರೆ ಹೆಗಲು ಕೊಡುವುದು, ಒಪ್ಪದಿದ್ದರೆ ಎದ್ದು ನಿಂತು ಕೇಳುವುದು, ಎರಡೂ ಗಮನವಿಟ್ಟು ಕೇಳಿಸಿಕೊಳ್ಳುವುದರಿಂದಲೇ ಹುಟ್ಟುತ್ತವೆ. ಆದ್ದರಿಂದ ಆ ಹಾಲನ್ನು ಬೀಗ ಹಾಕಿ ಕಾಪಾಡಿದರೆ ಸಾಲದು. ಗೋಡೆ, ಸೂರು, ಬೆಂಚುಗಳ ದುರಸ್ತಿ ಆಗಲಿ. ಆದರೆ ಟೈಮ್‌ಟೇಬಲ್ಲಿನಲ್ಲೂ ಅದಕ್ಕೊಂದು ಜಾಗ ಇರಲಿ, ಮೊದಲ ವರ್ಷಕ್ಕೆ ಸೇರಿದ ಪ್ರತಿಯೊಬ್ಬರಿಗೂ ಅಲ್ಲಿ ಕುಳಿತು ಪಾಠ ಕೇಳುವ ಅವಕಾಶ ಸಿಗಲಿ.