ಕಾರು ಹಡಗು ಹತ್ತುವ ಮೊದಲು



ಮುಂಬೈಯಲ್ಲಿರುವ ಕನ್ನಡಿಗರಿಗೆ ಆಗಾಗ ಒಂದು ಬಗೆಯ ಫೋನು ಬರುತ್ತದೆ. ಹೊರದೇಶದಲ್ಲಿ ಹತ್ತು ವರ್ಷ ದುಡಿದ ತಮ್ಮನೋ, ಭಾವಮೈದುನನೋ ಊರಿಗೆ ಕಾಯಮ್ಮಾಗಿ ಮರಳುವ ತಯಾರಿಯಲ್ಲಿರುತ್ತಾನೆ. ಪಾತ್ರೆ ಪಗಡ, ಸೋಫಾ, ಮಕ್ಕಳ ಪುಸ್ತಕ ಎಲ್ಲದರ ಲೆಕ್ಕವಾದ ಮೇಲೆ ಕೊನೆಗೆ ಮಾತು ಕಾರಿಗೆ ಬರುತ್ತದೆ. “ಅಣ್ಣಾ, ಕಾರು ಚಿನ್ನದಂಥದ್ದು, ಮಾರೋಕೆ ಮನಸ್ಸೇ ಇಲ್ಲ. ಹಡಗಿಗೆ ಹಾಕಿಬಿಡ್ತೀನಿ. ನೀನು ಹೇಗೂ ಅಲ್ಲೇ ಇದ್ದೀಯಲ್ಲ, ಬಂದರಿನಲ್ಲಿ ಒಂಚೂರು ಬಿಡಿಸಿಕೊಡು.”

ಆ ‘ಒಂಚೂರು’ ಎಷ್ಟು ದೊಡ್ಡದೆಂದು ತಿಳಿಯದೆ ಹೂಂ ಎಂದುಬಿಟ್ಟರೆ ಕಷ್ಟ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ಕೇಳುಗರೂ ಇದನ್ನು ಓದಿ. ಕಾರು ಹೋಗಬೇಕಾದ್ದು ನಿಮ್ಮೂರಿಗೇ ಆದರೂ ಅದು ಇಳಿಯುವುದು ಮುಂಬೈಯಲ್ಲೇ. ಯಾಕೆಂದು ಮುಂದೆ ಹೇಳುತ್ತೇವೆ.

ಮೊದಲು ಒಂದು ಮೂಲಭೂತ ತಪ್ಪು ತಿಳಿವಳಿಕೆ. ವಿದೇಶದಲ್ಲಿ ಕೆಲವು ವರ್ಷ ಇದ್ದು ಮರಳುವವರಿಗೆ ಮನೆ ಸಾಮಾನಿನ ಮೇಲೆ ಗೊತ್ತಾದ ಮಿತಿಯೊಳಗೆ ಸುಂಕದ ರಿಯಾಯಿತಿ ಉಂಟು. ಫ್ರಿಜ್ಜು, ವಾಷಿಂಗ್ ಮೆಷೀನಿಗೆ ರಿಯಾಯಿತಿ ಇರುವಾಗ ಕಾರಿಗೂ ಇರಲೇಬೇಕು ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ 1962ರ ಕಸ್ಟಮ್ಸ್ ಕಾಯಿದೆಯ 2ನೇ ಕಲಮಿನಲ್ಲೇ, ‘ಬ್ಯಾಗೇಜು’ ಎಂದರೇನು ಎಂದು ಹೇಳುವಾಗಲೇ, ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲ ಎಂದು ಬರೆದಿದೆ. ಅಂದರೆ ನಿಮ್ಮ ತಮ್ಮ ಹತ್ತು ವರ್ಷ ಓಡಿಸಿದ ಸ್ವಂತ ಕಾರಾದರೂ ಕಾನೂನಿನ ಕಣ್ಣಿಗೆ ಅದು ಗಂಟುಮೂಟೆಯಲ್ಲ, ಆಮದಾದ ಸರಕು. ಅದಕ್ಕೆ ಸರಕಿನ ನಿಯಮ, ಸರಕಿನ ಸುಂಕ.

ಎರಡನೆಯದು, ‘ಹಳೇ ಕಾರು’ ಯಾವುದು? ನಮ್ಮ ಆಮದು ನೀತಿಯ ಪ್ರಕಾರ ಇಲ್ಲಿಗೆ ಬರುವ ಮೊದಲು ಒಮ್ಮೆ ಮಾರಾಟವಾಗಿದ್ದರೆ, ಬಾಡಿಗೆಗೋ ಎರವಲಿಗೋ ಹೋಗಿದ್ದರೆ, ಅಥವಾ ಯಾವುದೇ ದೇಶದಲ್ಲಿ ರಿಜಿಸ್ಟರ್ ಆಗಿದ್ದರೆ ಅದು ಹಳೆಯದು. ಶೋರೂಮಿನಿಂದ ತಂದು ನಂಬರು ಹಾಕಿಸಿ ಒಂದೇ ವಾರ ಓಡಿಸಿದ್ದರೂ ಹಳೆಯದೇ. ಸೀಟಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಹಳೇ ಕಾರಿಗೆ ಹಾಕಿದ ಷರತ್ತುಗಳಲ್ಲಿ ಮೊದಲು ನೋಡಬೇಕಾದ್ದು ಸ್ಟಿಯರಿಂಗು. ಅದು ಬಲಗಡೆ ಇರಬೇಕು. ಈ ಒಂದು ಮಾತಿಗೇ ನಮ್ಮವರಲ್ಲಿ ಬಹುಪಾಲು ಜನರ ಪ್ರಶ್ನೆ ಮುಗಿದುಹೋಗುತ್ತದೆ. ಮಂಗಳೂರು, ಉಡುಪಿ, ಭಟ್ಕಳದಿಂದ ಹೋದವರು ದುಡಿಯುವ ದುಬೈ, ಮಸ್ಕತ್, ಕುವೈತ್, ದೋಹಾ, ಬಹ್ರೇನ್, ಸೌದಿ ಎಲ್ಲ ಕಡೆಯೂ ವಾಹನ ಓಡುವುದು ರಸ್ತೆಯ ಬಲಗಡೆ, ಸ್ಟಿಯರಿಂಗು ಎಡಗಡೆ. ಅಮೆರಿಕ, ಜರ್ಮನಿಯಲ್ಲೂ ಹಾಗೆಯೇ. ಅಲ್ಲಿಂದ ಬರುವವರು ಮುಂದಿನ ಲೆಕ್ಕಾಚಾರಕ್ಕೆ ಹೋಗುವ ಅಗತ್ಯವೇ ಇಲ್ಲ. ಕಾರನ್ನು ಅಲ್ಲೇ ಮಾರಿ ಬರುವುದು ಒಳ್ಳೆಯದು. ಬ್ರಿಟನ್, ಸಿಂಗಪುರ, ಮಲೇಶಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಕೆನ್ಯಾ, ದಕ್ಷಿಣ ಆಫ್ರಿಕಾದಂಥ ಕಡೆಯಿಂದ ಬರುವವರು ಮಾತ್ರ ಮುಂದೆ ಓದಬಹುದು.

ಅವರಿಗೂ ಹಾದಿ ಸಲೀಸಲ್ಲ. ಸ್ಪೀಡೋಮೀಟರು ವೇಗವನ್ನು ಕಿಲೋಮೀಟರಿನಲ್ಲಿ ತೋರಿಸಬೇಕು. ಬ್ರಿಟನ್ನಿನಲ್ಲಿ ವೇಗ ಇಂದಿಗೂ ಮೈಲಿ ಲೆಕ್ಕ, ಆದ್ದರಿಂದ ಅಲ್ಲಿಯ ಕಾರಿನಲ್ಲಿ ಇದನ್ನು ಮೊದಲೇ ನೋಡಿಕೊಳ್ಳಬೇಕು. ಹೆಡ್‌ಲೈಟಿನ ಬೆಳಕು ಕೂಡ ಎಡಗಡೆ ಓಡುವ ಸಂಚಾರಕ್ಕೆ ಹೊಂದಬೇಕು. ಇದು ಕಾಗದದ ಹಟವೇನಲ್ಲ. ಡಿಪ್ ಹಾಕಿದಾಗ ಹೆಡ್‌ಲೈಟಿನ ಬೆಳಕು ಎರಡೂ ಕಡೆ ಒಂದೇ ಸಮ ಬೀಳುವುದಿಲ್ಲ. ನಮ್ಮಲ್ಲಿ ಅದು ಎಡಕ್ಕೆ, ರಸ್ತೆ ಅಂಚಿನ ಕಡೆ ಸ್ವಲ್ಪ ಮೇಲೆ ಚಾಚುತ್ತದೆ, ಎದುರಿನಿಂದ ಬರುವವರ ಕಡೆ ತಗ್ಗಿರುತ್ತದೆ. ಬಲಗಡೆ ಓಡುವ ದೇಶದ ದೀಪ ಇದಕ್ಕೆ ತಿರುವುಮುರುವು. ಅದನ್ನು ಹಾಕಿಕೊಂಡು ಶಿರಾಡಿ ಘಾಟಿಯಲ್ಲಿ ರಾತ್ರಿ ಇಳಿದರೆ ಎದುರಿನ ಲಾರಿ ಡ್ರೈವರನ ಕಣ್ಣಿಗೇ ಹೊಡೆಯುತ್ತದೆ.

ಇನ್ನು ವಯಸ್ಸು. ಕಾರು ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು. ತಯಾರಾದ ದಿನ ಎಂಬುದನ್ನು ಗಮನಿಸಿ. ಕೊಂಡ ದಿನ ಬೇರೆ, ರಿಜಿಸ್ಟರ್ ಆದ ದಿನ ಬೇರೆ. ಕಾರ್ಖಾನೆಯಿಂದ ಹೊರಟ ಕಾರು ಶೋರೂಮಿನ ಅಂಗಳದಲ್ಲಿ ಆರು ತಿಂಗಳು ನಿಂತಿದ್ದರೆ ಆ ಆರು ತಿಂಗಳೂ ಲೆಕ್ಕಕ್ಕೆ ಸೇರುತ್ತದೆ. ಎರಡು ವರ್ಷ ಹತ್ತು ತಿಂಗಳಾದ ಕಾರನ್ನು ಹಡಗಿಗೆ ಹತ್ತಿಸಿ, ಹಡಗು ನಡುವೆ ಇನ್ನೊಂದು ಬಂದರಿನಲ್ಲಿ ನಿಂತು ತಡಮಾಡಿದರೆ, ಸಮುದ್ರದ ಮೇಲೇ ಕಾರಿನ ಆಯುಸ್ಸು ತೀರುತ್ತದೆ! ಇದರ ಜೊತೆಗೆ ಕಾರು ಇಲ್ಲಿಗೆ ಬರುವ ದಿನ ಜಾರಿಯಲ್ಲಿರುವ ಮೋಟಾರು ವಾಹನ ನಿಯಮಗಳಿಗೂ ಅದು ಹೊಂದಬೇಕು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಹೊಗೆಯ ಮಿತಿ ಬಿಎಸ್-6 ಎಂಬುದು ನೆನಪಿರಲಿ.

ಮುಂಬೈಯ ವಿಷಯ ಈಗ. ಹೊಚ್ಚ ಹೊಸ ಕಾರನ್ನು ಚೆನ್ನೈ, ಕೊಲ್ಕತ್ತ, ನ್ಹಾವಾ ಶೇವಾ ಮುಂತಾದ ಹಲವು ಬಾಗಿಲುಗಳಿಂದ ಒಳತರಬಹುದು. ಹಳೇ ಕಾರಿಗೆ ಒಂದೇ ಬಾಗಿಲು, ಅದು ಮುಂಬೈ ಬಂದರು. ಚೆನ್ನೈಯ ಕೇಳುಗರು ಮನೆ ಹತ್ತಿರ ಇಳಿಸಿಕೊಳ್ಳುತ್ತೇನೆಂದರೆ ಆಗದು. ಪಣಂಬೂರಿನಲ್ಲಿ ಇಳಿಸಿ ನೇರ ಮಂಗಳೂರಿನ ಮನೆಗೆ ಒಯ್ಯುತ್ತೇನೆಂದರೂ ಆಗದು.

ಬಂದರಿಗೆ ಬಂದ ಮೇಲೂ ಕಾರು ನೇರ ರಸ್ತೆಗೆ ಇಳಿಯುವುದಿಲ್ಲ. ಹಡಗು ಹತ್ತುವ ಮುನ್ನ ಅಲ್ಲಿ ಪರೀಕ್ಷೆಯಾದ ಸರ್ಟಿಫಿಕೇಟು ಜೊತೆಯಲ್ಲಿ ಬರಬೇಕು. ಇಲ್ಲಿ ಬಿಡುಗಡೆಗೆ ಮೊದಲು ಮತ್ತೊಮ್ಮೆ ಪರೀಕ್ಷೆ. ಅದಕ್ಕೆ ಹೆಸರಿಸಿರುವ ಸಂಸ್ಥೆಗಳಲ್ಲಿ ಪುಣೆಯ ಎ.ಆರ್.ಎ.ಐ., ಅಹಮದ್‌ನಗರದಲ್ಲಿರುವ (ಊರಿಗೆ ಈಗ ಅಹಿಲ್ಯಾನಗರ ಎಂಬ ಹೆಸರು) ರಕ್ಷಣಾ ಇಲಾಖೆಯ ವಿ.ಆರ್.ಡಿ.ಇ. ಹಾಗೂ ಮಧ್ಯಪ್ರದೇಶದ ಬುದ್ನಿಯ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇವೆ. ಇನ್ನೂ ಐದು ವರ್ಷ ಈ ಗಾಡಿ ರಸ್ತೆಗೆ ಯೋಗ್ಯ, ಅಷ್ಟು ಕಾಲ ಅದಕ್ಕೆ ಇಲ್ಲಿ ಸರ್ವೀಸು ಸಿಗುತ್ತದೆ ಎಂಬ ಭರವಸೆಯ ಪತ್ರವೂ ಬೇಕು. ನಮ್ಮ ದೇಶದಲ್ಲಿ ಮಾರಾಟವೇ ಆಗದ ಮಾದರಿಗೆ ಸರ್ವೀಸಿನ ಭರವಸೆ ಕೊಡುವವರು ಯಾರು? ಎಷ್ಟೋ ಜನರ ಆಸೆ ಮುರಿದು ಬೀಳುವುದು ಈ ಕಾಗದದಲ್ಲೇ.

ಇಷ್ಟೆಲ್ಲ ದಾಟಿದರೆ ಬರುವುದು ಸುಂಕ.

ಹಳೇ ಕಾರಿನ ಮೂಲ ಸುಂಕ 2013ರಲ್ಲಿ ಶೇ. 100ರಿಂದ 125ಕ್ಕೆ ಏರಿತ್ತು. 2025ರ ಬಜೆಟ್ಟಿನಲ್ಲಿ ಅದನ್ನು ಶೇ. 70ಕ್ಕೆ ಇಳಿಸಿದರು. ಪತ್ರಿಕೆಯಲ್ಲಿ ಅಷ್ಟನ್ನೇ ಓದಿ ಸಂತೋಷಪಟ್ಟವರಿದ್ದಾರೆ. ಆದರೆ ಅದರ ಜೊತೆಗೇ ಶೇ. 67.5ರ ಕೃಷಿ ಮೂಲಸೌಕರ್ಯ ಸೆಸ್ ಬಂದು ಕೂತಿತು. ಎರಡೂ ಕೂಡಿದರೆ ಶೇ. 137.5, ಹಿಂದೆ ಮೂಲ ಸುಂಕ ಮತ್ತು ಅದರ ಮೇಲಿನ ಸರ್‌ಚಾರ್ಜು ಸೇರಿ ಇದ್ದಷ್ಟೇ. (ಲಂಡನ್ನಿನ ಕಾರು ನಮ್ಮ ರೈತರ ಉಗ್ರಾಣಕ್ಕೆ ದುಡ್ಡು ಕೊಡುವುದು ಒಂದು ತಮಾಷೆಯೇ ಸರಿ.) ಇದರ ಮೇಲೆ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರ ಬದಲಾವಣೆಯಂತೆ ಚಿಕ್ಕ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 18, ದೊಡ್ಡದಕ್ಕೆ ಶೇ. 40. ಈ ಜಿ.ಎಸ್.ಟಿ. ಬರಿಯ ಕಾರಿನ ಬೆಲೆಯ ಮೇಲಲ್ಲ, ಬೆಲೆ ಮತ್ತು ಸುಂಕ ಕೂಡಿದ ಮೊತ್ತದ ಮೇಲೆ.

ಒಂದು ಲೆಕ್ಕ ಹಾಕೋಣ, ಪೆನ್ಸಿಲ್ ತೆಗೆದುಕೊಳ್ಳಿ. ಕಸ್ಟಮ್ಸ್‌ನವರು ಒಂದು ದೊಡ್ಡ ಕಾರಿಗೆ 10 ಲಕ್ಷ ರೂಪಾಯಿ ಬೆಲೆ ಕಟ್ಟಿದರು ಎಂದುಕೊಳ್ಳಿ. ಮೂಲ ಸುಂಕ 7 ಲಕ್ಷ, ಸೆಸ್ 6.75 ಲಕ್ಷ. ಅಲ್ಲಿಗೆ 23.75 ಲಕ್ಷ. ಅದರ ಮೇಲೆ ಶೇ. 40ರ ಜಿ.ಎಸ್.ಟಿ. 9.5 ಲಕ್ಷ. ಒಟ್ಟು 33.25 ಲಕ್ಷ. ಅಂದರೆ ತಮ್ಮ ಈಗಾಗಲೇ ದುಡ್ಡು ಕೊಟ್ಟು ಕೊಂಡಿದ್ದ ಕಾರನ್ನೇ ಮತ್ತೆ ತನ್ನದಾಗಿಸಿಕೊಳ್ಳಲು 23.25 ಲಕ್ಷ ಕಟ್ಟಬೇಕು. ಏಜೆಂಟರ ಫೀಸು, ಪರೀಕ್ಷೆಯ ಖರ್ಚು, ಆರ್.ಟಿ.ಒ. ತೆರಿಗೆ ಬೇರೆ.

ಆ 10 ಲಕ್ಷವನ್ನಾದರೂ ನಾವು ಹೇಳಿದಂತೆ ಒಪ್ಪುತ್ತಾರೆಯೇ? “ಹಳೇದು ಸ್ವಾಮಿ, ಮೂರು ಲಕ್ಷ ಬರೆದುಕೊಳ್ಳಿ” ಎಂದರೆ ನಡೆಯುವುದಿಲ್ಲ. ಆ ಮಾದರಿ ಹೊಸದಾಗಿದ್ದಾಗಿನ ಬೆಲೆ ಹಿಡಿದು, ಬಳಸಿದ ಕಾಲಕ್ಕೆ ತಕ್ಕಂತೆ ಸವಕಳಿ ಕಳೆದು, ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಕೂಡಿಸಿ ಅವರೇ ಬೆಲೆ ಕಟ್ಟುತ್ತಾರೆ. ಪರಿಚಯದವರಿಂದ ಅಗ್ಗಕ್ಕೆ ಕೊಂಡಿದ್ದೆ ಎಂಬ ಮಾತಿಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ.

ಸಚಿನ್ ತೆಂಡೂಲ್ಕರ್ ಅವರ ಫೆರಾರಿ ನಿಮಗೆ ನೆನಪಿರಬಹುದು. ಬ್ರಾಡ್ಮನ್ ಅವರ 29 ಶತಕಗಳನ್ನು ಸರಿಗಟ್ಟಿದ್ದಕ್ಕೆ ಬಂದ ಉಡುಗೊರೆ ಅದು. ಅದಕ್ಕೂ ಸುಮಾರು 1.13 ಕೋಟಿ ರೂಪಾಯಿ ಸುಂಕ ಬಿತ್ತು. 2003ರಲ್ಲಿ ಸರ್ಕಾರ ಅದನ್ನು ಮನ್ನಾ ಮಾಡಹೋದಾಗ ಊರೆಲ್ಲ ಗದ್ದಲವಾಗಿ, ವಿಷಯ ಕೋರ್ಟಿಗೂ ಹೋಗಿ, ಕೊನೆಗೆ ಕಂಪನಿಯೇ ಸುಂಕ ಕಟ್ಟಿತು. ಸಚಿನ್‌ಗೇ ಹಾಗಾದರೆ ನಮ್ಮ ನಿಮ್ಮ ಪಾಡೇನು!

“ಎರಡು ವರ್ಷ ಹೊರಗಿದ್ದು, ಒಂದು ವರ್ಷ ಕಾರು ನಮ್ಮ ಹೆಸರಿನಲ್ಲಿದ್ದರೆ ಸಾಕಂತೆ, ಫ್ರೀ ಅಂತೆ” ಎಂಬ ಮಾತನ್ನೂ ಕೇಳಿರುತ್ತೀರಿ. ಇದು ಪೂರ್ತಿ ಗಾಳಿಸುದ್ದಿಯಲ್ಲ, ಆದ್ದರಿಂದಲೇ ಹೆಚ್ಚು ಅಪಾಯ. ಕಾಯಂ ವಾಸಕ್ಕೆ ಮರಳುವವರ ಬಗ್ಗೆ ಅಂಥ ಮಾತು ಆಮದು ನೀತಿಯಲ್ಲಿ ಉಂಟು. ಆದರೆ ಅದು ಷರತ್ತುಗಳ ಸಡಿಲಿಕೆಗೆ ಸೇರಿದ್ದು. ‘ಪೂರ್ತಿ ಸುಂಕ ಕಟ್ಟಿ’ ಎಂಬ ಮಾತು ಅದರ ಜೊತೆಗೇ ಇದೆ, ಹೇಳುವವರು ಅದನ್ನು ಬಿಟ್ಟು ಹೇಳುತ್ತಾರೆ. ಅದು ತಮ್ಮನ ಕಾರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಲೈಸೆನ್ಸಿರುವ ಕಸ್ಟಮ್ಸ್ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡ.

ಲೆಕ್ಕವನ್ನು ಹಡಗಿಗೆ ಮೊದಲೇ ಹಾಕಿ ಎಂದು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾರು ಅಲ್ಲಿರುವಾಗ ತಮ್ಮ ಅದರ ಯಜಮಾನ. ಮುಂಬೈಗೆ ಬಂದ ಮೇಲೆ ಅದು ಒತ್ತೆ ಇದ್ದಂತೆ. ಇಳಿದ 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ, ನೋಟಿಸು ಕೊಟ್ಟು ಹರಾಜು ಹಾಕಲು ಕಸ್ಟಮ್ಸ್ ಕಾಯಿದೆಯ 48ನೇ ಕಲಮು ಅವಕಾಶ ಕೊಡುತ್ತದೆ. ಅಲ್ಲಿಯವರೆಗೆ ಬಂದರಿನ ಬಾಡಿಗೆ ಏರುತ್ತಲೇ ಇರುತ್ತದೆ. ಷರತ್ತಿಗೆ ಹೊಂದದ ಕಾರಾದರೆ ಮುಟ್ಟುಗೋಲು, ದಂಡ. ದಂಡ ಕಟ್ಟಿಸಿಕೊಂಡು ಬಿಡುವುದೋ ಬೇಡವೋ ಎಂಬುದೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ವಾಪಸು ಕಳಿಸೋಣವೆಂದರೆ ಹಡಗಿನ ಬಾಡಿಗೆ ಮತ್ತೊಮ್ಮೆ. ಇಷ್ಟಕ್ಕೂ ಓಡಾಡಬೇಕಾದವರು ಯಾರು? ಮುಂಬೈಯಲ್ಲಿರುವ ನೀವು, ಆಫೀಸಿಗೆ ರಜೆ ಹಾಕಿ.

ಇಲ್ಲಿಂದ ಹೊರಡುವವರ ಸಂಗತಿ ದೇಶಕ್ಕೊಂದು ತೆರ. ಬ್ರಿಟನ್ನಿನಲ್ಲಿ ಕನಿಷ್ಠ 12 ತಿಂಗಳು ಹೊರಗಿದ್ದು ಅಲ್ಲಿ ನೆಲೆಸಲು ಹೋಗುವವರು, ಆರು ತಿಂಗಳಾದರೂ ತಾವೇ ಬಳಸಿದ ಕಾರನ್ನು ಸುಂಕವಿಲ್ಲದೆ ಒಯ್ಯಬಹುದು. ಅರ್ಜಿ ಹಾಕಬೇಕು, ಒಂದು ವರ್ಷ ಮಾರಬಾರದು. ಅಮೆರಿಕಕ್ಕಾದರೆ ಅಲ್ಲಿಯ ಸುರಕ್ಷತಾ ನಿಯಮಕ್ಕೆ ಹೊಂದದ ಕಾರು 25 ವರ್ಷ ಹಳೆಯದಾಗಿರಬೇಕು. ನಮ್ಮ ಮಾರುತಿ ಅಲ್ಲಿಗೆ ಹೋಗಬೇಕಾದರೆ ಮೊದಲು ಮುದಿಯಾಗಬೇಕು.

ಕೊನೆಯದಾಗಿ, ಯಾರೂ ವಿದೇಶದಲ್ಲಿಲ್ಲದ ಕೇಳುಗರಿಗೂ ಒಂದು ಮಾತು. “ಎನ್ನಾರೈ ಗಾಡಿ, ಅರ್ಜೆಂಟು, ಅಗ್ಗ” ಎಂದು ವಿದೇಶಿ ಎಸ್.ಯು.ವಿ. ಮಾರಲು ಬರುವವರು ಎಲ್ಲ ದೊಡ್ಡ ಊರಲ್ಲೂ ಇದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಂಖೋರ್’ ನಡೆಸಿ ಮೊದಲ ದಿನವೇ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ಹಿಡಿದರು. ಭೂತಾನದಿಂದ ಸುಂಕ ತಪ್ಪಿಸಿ ತಂದು, ಸುಳ್ಳು ಕಾಗದದ ಮೇಲೆ ನಮ್ಮ ರಾಜ್ಯಗಳಲ್ಲಿ ರಿಜಿಸ್ಟರ್ ಮಾಡಿಸಿ ಮಾರಿದವು ಎಂಬುದು ಆರೋಪ. ದುಡ್ಡು ಕೊಟ್ಟು ಕೊಂಡವರ ಮನೆಯಂಗಳದಿಂದಲೇ ಗಾಡಿಗಳನ್ನು ಎಳೆದೊಯ್ದರು.

ಅಂಥ ಕಾರು ನೋಡಲು ಹೋದರೆ ಆರ್.ಸಿ. ಒಂದನ್ನೇ ನೋಡಿ ತೃಪ್ತರಾಗಬೇಡಿ. ಸುಂಕ ಕಟ್ಟಿದ್ದಕ್ಕೆ ಸಾಕ್ಷಿಯಾದ ‘ಬಿಲ್ ಆಫ್ ಎಂಟ್ರಿ’ ಕೇಳಿ, ಅದರ ನಂಬರನ್ನು ಕಸ್ಟಮ್ಸ್‌ನ ಐಸ್‌ಗೇಟ್ ತಾಣದಲ್ಲಿ ಹಾಕಿ ನೋಡಿ. ಅದರಲ್ಲಿರುವ ಷಾಸಿ ನಂಬರನ್ನು ಬಾನೆಟ್ ಎತ್ತಿಸಿ ಗಾಡಿಯ ಮೇಲಿನದಕ್ಕೆ ನೀವೇ ಒಂದೊಂದೇ ಅಕ್ಷರ ಹೊಂದಿಸಿ. ಹಳೇ ಕಾರಾಗಿ ಬಂದದ್ದು ಎನ್ನುತ್ತಾರೆ, ಆದರೆ ಬಿಲ್ಲಿನಲ್ಲಿ ಮುಂಬೈ ಬಿಟ್ಟು ಬೇರೆ ಬಂದರಿನ ಹೆಸರಿದೆ ಎಂದಾದರೆ, ಅದು ಹೇಗೆ ಬಂತೆಂದು ಕೇಳಿ. ಉತ್ತರ ತಡವರಿಸಿದರೆ ಅಡ್ವಾನ್ಸು ಕೊಡದೆ ಎದ್ದು ಬನ್ನಿ.